ಒಂದು ಎಚ್ಚರಿಕೆಯ ಮಾತಿನ ಚರಿತ್ರೆ

ದೂರದ ಊರಿಗೆ ಹೊರಟವರನ್ನು ಬೀಳ್ಕೊಡುವಾಗ ನಮ್ಮ ಮನೆಗಳಲ್ಲಿ ಹಿರಿಯರು ತಪ್ಪದೆ ಆಡುವ ಮಾತೊಂದುಂಟು: ‘ಎಚ್ಚರವಾಗಿ ಹೋಗಿ ಬಾ.’ ಈ ‘ಎಚ್ಚರ’ ಎಂಬ ಪದ ವಿಚಾರ ಮಾಡತಕ್ಕದ್ದು. ನಿದ್ದೆ ತಿಳಿದೆದ್ದ ಸ್ಥಿತಿಯೂ ಎಚ್ಚರವೇ. ಅಪಾಯವನ್ನರಿತು ನಡೆಯುವ ವಿವೇಕವೂ ಎಚ್ಚರವೇ. ಸಂಸ್ಕೃತದಿಂದ ನಮಗೆ ಬಂದ ‘ಜಾಗ್ರತೆ’ಯ ಕಥೆಯೂ ಇದೇ. ಕಣ್ಣು ತೆರೆದಿರುವುದಕ್ಕೂ ಜೀವ ಉಳಿಸಿಕೊಳ್ಳುವುದಕ್ಕೂ ಇರುವ ನಂಟನ್ನು ಭಾಷೆ ತನ್ನ ಪಾಡಿಗೆ ತಾನು ಗುರುತಿಸಿ ಇಟ್ಟುಕೊಂಡಿದೆ. ಉತ್ತರ ಭಾರತದ ಊರುಗಳಲ್ಲಿ ರಾತ್ರಿಯ ಪಹರೆಯವನು ಕೂಗುತ್ತಿದ್ದ ‘ಜಾಗ್‌ತೇ ರಹೋ’ ಎಂಬ ಕರೆಯಲ್ಲಿಯೂ ಈ ಎರಡು ಅರ್ಥಗಳು ಒಂದರೊಳಗೊಂದು ಬೆರೆತಿವೆ. 1956ರಲ್ಲಿ ರಾಜ್ ಕಪೂರ್ ಅಭಿನಯಿಸಿದ ಚಲನಚಿತ್ರಕ್ಕೆ ಅದೇ ಹೆಸರಾದುದರಿಂದ ಆ ಕೂಗು ದೇಶದ ಎಲ್ಲೆಡೆಯೂ ಪರಿಚಿತವಾಯಿತು.

ಹೆಚ್ಚುಕಡಿಮೆ ಇದೇ ಮಾತು ಕಳೆದ ಶತಮಾನದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಬಾಯಲ್ಲಿ ಇತ್ತು. ‘ಸ್ಟೇ ವೋಕ್’ ಎಂಬುದು ಅದರ ರೂಪ. ಇಂದಿನ ತರುಣರಿಗೆ ಈ ನುಡಿಗಟ್ಟು ಕೈಯಲ್ಲಿನ ದೂರವಾಣಿಯ ಪರದೆಯ ಮೂಲಕ, ಸಾಮಾಜಿಕ ಜಾಲತಾಣಗಳ ಬಿಸಿ ಚರ್ಚೆಗಳ ಮೂಲಕ ಪರಿಚಿತ. ಕೆಲವರು ಅದನ್ನು ಹೊಗಳಿಕೆಯಾಗಿ ಬಳಸುತ್ತಾರೆ, ಹಲವರು ಬೈಗುಳಾಗಿ ಬಳಸುತ್ತಾರೆ; ಅರ್ಥವೇನೆಂದು ಕೇಳಿದರೆ ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಮೂರು ತಲೆಮಾರುಗಳ ಕಾಲ ಒಂದು ಸಮುದಾಯದ ಒಳಮಾತಾಗಿದ್ದ ಈ ನುಡಿ ಹತ್ತೇ ವರ್ಷಗಳಲ್ಲಿ ಲೋಕವನ್ನೆಲ್ಲ ಸುತ್ತಿ, ಕೊನೆಗೆ ತನ್ನ ಅರ್ಥಕ್ಕೇ ಎರವಾದ ಬಗೆ ಹೇಗೆ ಎಂಬುದನ್ನು ವಿಚಾರಿಸುವುದು ಈ ಭಾಷಣದ ಉದ್ದೇಶ.

ಮೊದಲು ವ್ಯಾಕರಣದ ಒಂದು ಸಂಗತಿಯನ್ನು ಹೇಳಬೇಕು. ಶಾಲೆಯಲ್ಲಿ ಕಲಿತ ಇಂಗ್ಲಿಷಿನ ಕಿವಿಗೆ ‘ಸ್ಟೇ ವೋಕ್’ ತಪ್ಪು ಪ್ರಯೋಗದಂತೆ ಕೇಳಿಸುತ್ತದೆ. ‘ಸ್ಟೇ ಅವೇಕ್’ ಎನ್ನಬೇಕಾಗಿತ್ತಲ್ಲ ಎಂದು ತೋರುತ್ತದೆ. ಆದರೆ ಭಾಷಾವಿಜ್ಞಾನಿಗಳು ಕಪ್ಪು ಅಮೆರಿಕನ್ನರ ಇಂಗ್ಲಿಷನ್ನು ಕೆಟ್ಟ ಇಂಗ್ಲಿಷೆಂದು ಕರೆಯುವುದಿಲ್ಲ. ತನ್ನದೇ ನಿಯಮಗಳುಳ್ಳ ಒಂದು ಉಪಭಾಷೆ ಅದು. ಅಲ್ಲಿ ‘ವೋಕ್’ ಎಂಬುದು ಎದ್ದ ಕ್ರಿಯೆಯನ್ನಲ್ಲ, ಎಚ್ಚೆತ್ತಿರುವ ಸ್ಥಿತಿಯನ್ನು ಹೇಳುತ್ತದೆ. ‘ಸ್ಟೇ’ ಎಂಬುದಕ್ಕೂ ಆ ನುಡಿಯಲ್ಲಿ ಎಡೆಬಿಡದೆ, ಸದಾಕಾಲವೂ ಎಂಬ ಅರ್ಥವುಂಟು. ಹೀಗಾಗಿ ಕನ್ನಡದಲ್ಲಿ ಇದನ್ನು ‘ಎಚ್ಚರವಾಗಿರು’ ಎಂದರೆ ಸಾಲದು, ‘ಎಚ್ಚರ ತಪ್ಪದಿರು’ ಎನ್ನಬೇಕಾದೀತು. ಒಮ್ಮೆ ಎದ್ದು ಕಣ್ಣುಜ್ಜಿಕೊಂಡರೆ ಮುಗಿಯುವ ಎಚ್ಚರ ಅದಲ್ಲ.

ಎಚ್ಚರ ತಪ್ಪಿದರೆ ಆಗುವುದಾದರೂ ಏನು? ಅದನ್ನು ತಿಳಿಯಲು 1931ರ ಅಲಬಾಮ ರಾಜ್ಯಕ್ಕೆ ಹೋಗಬೇಕು. ಅದು ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದ ಜನ, ಕಪ್ಪು ಬಿಳಿಯೆನ್ನದೆ, ಸರಕುಗಾಡಿಗಳನ್ನು ಟಿಕೆಟ್ಟಿಲ್ಲದೆ ಹತ್ತಿ ಊರಿಂದೂರಿಗೆ ಕೂಲಿ ಹುಡುಕಿಕೊಂಡು ಅಲೆಯುತ್ತಿದ್ದರು. ಆ ವರ್ಷದ ಮಾರ್ಚ್ 25ರಂದು ಚಟನೂಗದಿಂದ ಮೆಂಫಿಸ್ ಕಡೆಗೆ ಹೊರಟ ಇಂಥದೊಂದು ಗಾಡಿಯಲ್ಲಿ ಕಪ್ಪು ಹುಡುಗರಿಗೂ ಬಿಳಿಯ ಹುಡುಗರಿಗೂ ಜಗಳವಾಯಿತು. ಪೇಂಟ್ ರಾಕ್ ಎಂಬ ಸಣ್ಣ ನಿಲ್ದಾಣದಲ್ಲಿ ಗಾಡಿಯನ್ನು ತಡೆದು ಒಂಬತ್ತು ಮಂದಿ ಕಪ್ಪು ಹುಡುಗರನ್ನು ಹಿಡಿದಿಳಿಸಿದರು. ಅವರಲ್ಲಿ ಹಲವರು ಒಬ್ಬರಿಗೊಬ್ಬರು ಪರಿಚಿತರೂ ಅಲ್ಲ. ಇಪ್ಪತ್ತು ದಾಟಿದವರು ಒಬ್ಬರೂ ಇರಲಿಲ್ಲ, ಎಲ್ಲರಿಗಿಂತ ಕಿರಿಯವನಂತೂ ಇನ್ನೂ ಬಾಲಕ. ಅದೇ ಗಾಡಿಯಲ್ಲಿದ್ದ ಇಬ್ಬರು ಬಿಳಿಯ ತರುಣಿಯರು, ಈ ಒಂಬತ್ತು ಮಂದಿ ತಮ್ಮ ಮೇಲೆ ಅತ್ಯಾಚಾರವೆಸಗಿದರೆಂದು ಹೇಳಿದರು.

ಸ್ಕಾಟ್ಸ್‌ಬರೊ ಎಂಬ ಪಟ್ಟಣದ ನ್ಯಾಯಾಲಯದಲ್ಲಿ ಹನ್ನೆರಡನೆಯ ದಿನಕ್ಕೆ ವಿಚಾರಣೆ ಆರಂಭವಾಯಿತು, ನಾಲ್ಕೇ ದಿನಗಳಲ್ಲಿ ಮುಗಿಯಿತು. ಹೊರಗೆ ಸಿಟ್ಟಿಗೆದ್ದ ಜನಜಂಗುಳಿ. ಒಳಗೆ ಬಿಳಿಯರಷ್ಟೇ ಕುಳಿತ ತೀರ್ಪುಗಾರರ ಮಂಡಲಿ. ಆಪಾದಿತರ ಪರವಾಗಿ ಸಿದ್ಧತೆಗೆ ಸಮಯವೇ ಸಿಗದ ವಕೀಲರು. ಒಂಬತ್ತರಲ್ಲಿ ಎಂಟು ಮಂದಿಗೆ ಮರಣದಂಡನೆಯಾಯಿತು. ಕಿರಿಯವನಿಗೆ ಜೀವಾವಧಿಯೋ ಮರಣವೋ ಎಂಬ ಬಗ್ಗೆ ತೀರ್ಪುಗಾರರಲ್ಲಿಯೇ ಒಮ್ಮತ ಮೂಡದೆ ಅವನ ವಿಚಾರಣೆ ನಿಂತಿತು. 1933ರಲ್ಲಿ ಆ ಇಬ್ಬರು ತರುಣಿಯರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ನ್ಯಾಯಾಲಯಕ್ಕೆ ಬಂದು, ಅಂಥದೇನೂ ನಡೆಯಲಿಲ್ಲವೆಂದು ಆಪಾದಿತರ ಪರವಾಗಿ ಸಾಕ್ಷಿ ನುಡಿದಳು. ಆಮೇಲೂ ತೀರ್ಪುಗಾರರು ಅಪರಾಧಿಯೆಂದೇ ಘೋಷಿಸಿದರು. ಸಾಕ್ಷ್ಯಕ್ಕೂ ತೀರ್ಪಿಗೂ ಹೊಂದಿಕೆಯಿಲ್ಲವೆಂದು ಕಂಡುಕೊಂಡು ಆ ತೀರ್ಪನ್ನು ರದ್ದುಪಡಿಸಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮುಂದಿನ ವರ್ಷದ ಚುನಾವಣೆಯಲ್ಲಿ ತಮ್ಮ ಸ್ಥಾನವನ್ನೇ ಕಳೆದುಕೊಂಡರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1932ರಲ್ಲಿ ಒಮ್ಮೆ, 1935ರಲ್ಲಿ ಮತ್ತೊಮ್ಮೆ ಮಧ್ಯೆ ಪ್ರವೇಶಿಸಬೇಕಾಯಿತು. 1937ರಲ್ಲಿ ನಾಲ್ವರು ಬಿಡುಗಡೆಯಾದರು. ಉಳಿದವರು ಮತ್ತೂ ಹಲವು ವರ್ಷಗಳನ್ನು ಸೆರೆಮನೆಯಲ್ಲಿ ಕಳೆದರು.

ಈ ಪ್ರಕರಣವನ್ನು ಕುರಿತು ಹಾಡು ಕಟ್ಟಿದವರಲ್ಲಿ ಹಡ್ಡಿ ಲೆಡ್‌ಬೆಟರ್ ಒಬ್ಬ. ಲೂಯಿಸಿಯಾನದ ಹಳ್ಳಿಗಾಡಿನಲ್ಲಿ ಹುಟ್ಟಿ, ಹನ್ನೆರಡು ತಂತಿಗಳ ಗಿಟಾರನ್ನು ನುಡಿಸುತ್ತ, ಹತ್ತಿ ಹೊಲಗಳಲ್ಲಿಯೂ ಸೆರೆಮನೆಗಳಲ್ಲಿಯೂ ಬದುಕು ಸವೆಸಿದ ಈ ಗಾಯಕ ‘ಲೆಡ್ ಬೆಲಿ’ ಎಂಬ ಅಡ್ಡಹೆಸರಿನಿಂದಲೇ ಪ್ರಸಿದ್ಧ. ಜನಪದ ಗೀತೆಗಳನ್ನು ಸಂಗ್ರಹಿಸುತ್ತಿದ್ದ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಅಲನ್ ಲೋಮ್ಯಾಕ್ಸ್ 1933ರಲ್ಲಿ ಅವನನ್ನು ಕಂಡದ್ದು ಲೂಯಿಸಿಯಾನದ ಅಂಗೋಲ ಸೆರೆಮನೆಯಲ್ಲಿ. 1938ರಲ್ಲಿ ಲೆಡ್ ಬೆಲಿ ‘ಸ್ಕಾಟ್ಸ್‌ಬರೊ ಬಾಯ್ಸ್’ ಎಂಬ ತನ್ನ ಹಾಡನ್ನು ಧ್ವನಿಮುದ್ರಣಕ್ಕೆ ಹಾಡಿದ. ಹಾಡಿನ ಜೊತೆಗೆ ಕೆಲವು ಮಾತುಗಳನ್ನೂ ಆಡಿದ. ಆ ಕಡೆಗೆ ಹೋಗುವವರೆಲ್ಲರೂ ಸ್ವಲ್ಪ ನೋಡಿಕೊಂಡು ಹೋಗಬೇಕು, ಕಣ್ಣು ತೆರೆದಿರಬೇಕು, ‘ಸ್ಟೇ ವೋಕ್’ ಎಂಬುದು ಅವನ ಬುದ್ಧಿಮಾತಿನ ಸಾರ. ಈ ನುಡಿಗಟ್ಟು ಇಂದಿನ ಅರ್ಥದ ನೆರಳಿನೊಡನೆ ಧ್ವನಿಮುದ್ರಿಕೆಯಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ನಿದರ್ಶನಗಳಲ್ಲಿ ಇದು ಒಂದು.

ಗಮನಿಸಬೇಕಾದದ್ದು ಅದರ ದನಿ. ಅದು ಸಭೆಯ ಭಾಷಣವಲ್ಲ, ಘೋಷಣೆಯಲ್ಲ. ಮುಂದೆ ಸೇತುವೆ ಕುಸಿದಿದೆ, ಬಳಸುದಾರಿಯಲ್ಲಿ ಹೋಗಿ ಎಂದು ಎದುರು ಬಂದ ಗಾಡಿಯವನು ಹೇಳುತ್ತಾನಲ್ಲ, ಅಂಥ ಮಾತು. ಹೇಳುವವನೂ ಕೇಳುವವನೂ ಒಂದೇ ದಾರಿಯ ಪಯಣಿಗರು. ಇಬ್ಬರಿಗೂ ಇರುವ ಅಪಾಯ ಒಂದೇ. ಅಂದಿನ ಅಮೆರಿಕದಲ್ಲಿ ಕಪ್ಪು ಪಯಣಿಗರಿಗೆ ಇಂಥ ಮಾತು ಅನ್ನನೀರಿನಷ್ಟೇ ಅವಶ್ಯವಾಗಿತ್ತು. ಸೂರ್ಯಾಸ್ತವಾದ ಮೇಲೆ ಕಪ್ಪು ಜನ ತಂಗಕೂಡದೆಂದು ಕಟ್ಟಳೆ ಮಾಡಿದ್ದ ಊರುಗಳು ಅಲ್ಲಿ ಅನೇಕವಿದ್ದವು. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿದ್ದ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಅಂಚೆಯ ನೌಕರರು 1936ರಿಂದ ಒಂದು ಕೈಪಿಡಿಯನ್ನೇ ಹೊರತರತೊಡಗಿದರು. ಕಪ್ಪು ಪ್ರವಾಸಿಗಳಿಗೆ ಊಟ ಹಾಕುವ ಹೋಟೆಲು ಯಾವುದು, ಇರುಳು ತಂಗಲು ಎಡೆ ಕೊಡುವ ಮನೆ ಯಾವುದು, ಮೋಟಾರಿಗೆ ಎಣ್ಣೆ ಹಾಕುವ ಅಂಗಡಿ ಯಾವುದು ಎಂಬ ವಿವರಗಳ ಆ ‘ಗ್ರೀನ್ ಬುಕ್’ ಮೂವತ್ತು ವರ್ಷಗಳ ಕಾಲ ಬಾಳಿತು. ಲೆಡ್ ಬೆಲಿ ಎರಡು ಪದಗಳಲ್ಲಿ ಹೇಳಿದ್ದನ್ನೇ ಆ ಪುಸ್ತಕ ಊರೂರಿನ ಪಟ್ಟಿಯಾಗಿ ಹೇಳಿತು ಎನ್ನಬಹುದು.

ಪ್ರಯಾಣದ ಈ ಭಯ ನಮ್ಮ ನೆಲಕ್ಕೆ ಅಪರಿಚಿತವೇನಲ್ಲ. ಅಂಬೇಡ್ಕರರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ಸ್ಮೃತಿಬರಹದಲ್ಲಿ 1901ರ ಒಂದು ಪ್ರಯಾಣವನ್ನು ಬಣ್ಣಿಸಿದ್ದಾರೆ. ತಂದೆಯನ್ನು ಕಾಣಲು ಸಾತಾರಾದಿಂದ ಹೊರಟ ಮಕ್ಕಳು ಮಸೂರು ನಿಲ್ದಾಣದಲ್ಲಿ ಇಳಿಯುತ್ತಾರೆ. ಜಾತಿ ತಿಳಿದೊಡನೆ ಗಾಡಿಯವರಾರೂ ಅವರನ್ನು ಹತ್ತಿಸಿಕೊಳ್ಳಲು ಒಪ್ಪುವುದಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು, ಕುಡಿಯಲು ನೀರು ಸಿಗದೆ ಇರುಳು ಕಳೆಯುತ್ತಾರೆ. ಅಸ್ಪೃಶ್ಯರ ಪಾಡಿಗೂ ಅಮೆರಿಕದ ಕಪ್ಪು ಜನರ ಪಾಡಿಗೂ ಇರುವ ಸಾಮ್ಯವನ್ನು ಕುರಿತು ಅಂಬೇಡ್ಕರರು 1946ರಲ್ಲಿ ಅಲ್ಲಿಯ ವಿದ್ವಾಂಸ ಡು ಬೋಯಿಸ್ ಅವರಿಗೆ ಪತ್ರ ಬರೆದರು. ಅವರಿಂದ ಆದರದ ಮಾರೋಲೆಯೂ ಬಂದಿತು. ಹೆಸರು ಬೇರೆಯಾದರೂ ಎರಡೂ ಕಡೆ ದಾರಿ ನಡೆಯುವವನಿಗೆ ಬೇಕಾಗಿದ್ದುದು ಒಂದೇ ಬಗೆಯ ಎಚ್ಚರ.

ಅಪಾಯದ ಅರಿವಾಗಿದ್ದ ಈ ಎಚ್ಚರಕ್ಕೆ ಇನ್ನೊಂದು ಅರ್ಥವೂ ಮೆಲ್ಲಗೆ ಕೂಡಿಕೊಂಡಿತು. ಜಮೈಕದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಮಾರ್ಕಸ್ ಗಾರ್ವಿ 1920ರ ದಶಕದಲ್ಲಿಯೇ ಲೋಕದ ಕಪ್ಪು ಜನರೆಲ್ಲ ಎಚ್ಚೆತ್ತುಕೊಳ್ಳಬೇಕೆಂದು ಕರೆಕೊಟ್ಟಿದ್ದರು. ಇಲ್ಲಿ ನಿದ್ದೆಯೆಂದರೆ ತನ್ನ ಸ್ಥಿತಿಯನ್ನು ತಾನೇ ಅರಿಯದ ಮೌಢ್ಯ. ಎಚ್ಚರವೆಂದರೆ ತನ್ನ ಹಕ್ಕಿನ, ತನ್ನ ಬೆಲೆಯ ಅರಿವು. 1940ರ ದಶಕದ ಆರಂಭದಲ್ಲಿ ಜೆ. ಸಾಂಡರ್ಸ್ ರೆಡಿಂಗ್ ಎಂಬ ಲೇಖಕರು ಕಪ್ಪು ಗಣಿ ಕಾರ್ಮಿಕನೊಬ್ಬನ ಮಾತನ್ನು ದಾಖಲಿಸಿದ್ದಾರೆ. ನಿದ್ದೆ ಹೋಗುವುದಕ್ಕಿಂತ ಏಳುವುದು ಬಲು ಕಷ್ಟ, ಆದರೆ ಎದ್ದಮೇಲೆ ನಾವು ಹೆಚ್ಚು ಕಾಲ ಎಚ್ಚರವಾಗಿರುತ್ತೇವೆ ಎಂಬುದು ಆ ಕಾರ್ಮಿಕ ಸಂಘದವನ ನುಡಿಯ ಭಾವ. ಲೆಡ್ ಬೆಲಿಯ ಎಚ್ಚರ ಒಂಟಿ ಪಯಣಿಗನದು. ಈ ಗಣಿಯವನದು ಸಂಘ ಕಟ್ಟಿಕೊಂಡವರ ಎಚ್ಚರ.

1962ರ ಮೇ 20ರಂದು ಈ ಪದ ಮೊದಲ ಬಾರಿಗೆ ಬಿಳಿಯ ಓದುಗರ ಮನೆಬಾಗಿಲಿಗೆ ಬಂದಿತು. ವಿಲಿಯಂ ಮೆಲ್ವಿನ್ ಕೆಲಿ ಎಂಬ ತರುಣ ಕಪ್ಪು ಕಾದಂಬರಿಕಾರರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ‘ಇಫ್ ಯೂ ಆರ್ ವೋಕ್ ಯೂ ಡಿಗ್ ಇಟ್’ ಎಂಬ ಲೇಖನ ಬರೆದರು. ‘ನೀನು ಎಚ್ಚೆತ್ತವನಾದರೆ ನಿನಗೆ ತಿಳಿದೀತು’ ಎಂದು ಆ ಶೀರ್ಷಿಕೆಯನ್ನು ಬಿಡಿಸಬಹುದು. ಅವರ ಲೇಖನದ ವಿಷಯವೇ ಕಪ್ಪು ಜನರ ಆಡುನುಡಿ. ಈ ನುಡಿ ಒಳಗಿನವರಿಗೆ ಮಾತ್ರ ತಿಳಿಯುವಂತೆ ಕಟ್ಟಿಕೊಂಡದ್ದು. ಬಿಳಿಯ ತರುಣರು ಹೊಸತನದ ಮೋಹದಿಂದ ಅದರ ಪದಗಳನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡೊಡನೆ ಅರ್ಥ ಬದಲಾಗುತ್ತದೆ. ಆಗ ಕಪ್ಪು ಜನ ಆ ಪದವನ್ನು ಬಿಟ್ಟುಕೊಟ್ಟು ಬೇರೊಂದನ್ನು ಹುಟ್ಟಿಸಿಕೊಳ್ಳುತ್ತಾರೆ ಎಂಬುದು ಅವರ ವಾದದ ತಿರುಳು. ಲೇಖನದ ಜೊತೆಗೆ ಕೊಟ್ಟ ಚಿಕ್ಕ ಪದಕೋಶದಲ್ಲಿ ‘ವೋಕ್’ ಎಂಬುದಕ್ಕೆ ವಿಷಯ ಬಲ್ಲವನು, ಕಾಲದ ನಡೆಯನ್ನು ತಿಳಿದವನು ಎಂಬರ್ಥದ ವಿವರಣೆಯೂ ಇತ್ತು. ಬೇರೆ ಪದಗಳಿಗೆ ಆದ ಗತಿಯನ್ನು ವಿವರಿಸಲು ಹೊರಟ ಲೇಖನ, ತನ್ನ ಶೀರ್ಷಿಕೆಯಲ್ಲಿದ್ದ ಪದಕ್ಕೇ ಮುಂದೆ ಆಗಲಿದ್ದ ಗತಿಯನ್ನು ಅರ್ಧ ಶತಮಾನ ಮೊದಲು ಹೇಳಿದಂತಾಯಿತು.

ನಾಗರಿಕ ಹಕ್ಕುಗಳ ಚಳವಳಿಯ ದೊಡ್ಡ ವಾಗ್ಮಿ ಮಾರ್ಟಿನ್ ಲೂಥರ್ ಕಿಂಗ್ ಈ ಆಡುನುಡಿಯ ರೂಪವನ್ನು ಬಳಸಲಿಲ್ಲ; ಆದರೆ ಎಚ್ಚರದ ಕಲ್ಪನೆಯನ್ನು ವೇದಿಕೆಗೆ ತಂದರು. 1965ರ ಜೂನ್ ತಿಂಗಳಲ್ಲಿ ಓಬರ್ಲಿನ್ ಕಾಲೇಜಿನಲ್ಲಿ, ಮತ್ತೆ 1968ರ ಮಾರ್ಚ್ 31ರಂದು ವಾಷಿಂಗ್ಟನ್ನಿನ ದೊಡ್ಡ ಇಗರ್ಜಿಯಲ್ಲಿ, ಅವರು ವಾಷಿಂಗ್ಟನ್ ಇರ್ವಿಂಗ್ ಬರೆದ ರಿಪ್ ವ್ಯಾನ್ ವಿಂಕಲನ ಕಥೆಯನ್ನು ನೆನಪಿಸಿದರು. ಬೆಟ್ಟವೇರಿ ಮಲಗಿದ ರಿಪ್ ಇಪ್ಪತ್ತು ವರ್ಷ ನಿದ್ದೆ ಹೋದನೆಂಬುದು ಎಲ್ಲರೂ ಬಲ್ಲ ಕಥೆ. ಆದರೆ ಅವನು ಹೋಗುವಾಗ ಊರಿನ ಛತ್ರದ ಹಲಗೆಯ ಮೇಲಿದ್ದುದು ಮೂರನೆಯ ಜಾರ್ಜ್ ದೊರೆಯ ಚಿತ್ರ, ಮರಳಿದಾಗ ಇದ್ದುದು ಜಾರ್ಜ್ ವಾಷಿಂಗ್ಟನ್ನರ ಚಿತ್ರ. ಅವನು ನಿದ್ದೆ ಹೋದದ್ದು ಒಂದು ಮಹಾಕ್ರಾಂತಿಯ ಉದ್ದಕ್ಕೂ ಎಂಬುದೇ ಕಥೆಯ ಮರ್ಮವೆಂದು ಕಿಂಗ್ ವಿವರಿಸಿದರು. ವಾಷಿಂಗ್ಟನ್ನಿನ ಆ ಭಾಷಣವಾದ ನಾಲ್ಕನೆಯ ದಿನ, ಏಪ್ರಿಲ್ 4ರಂದು, ಮೆಂಫಿಸಿನಲ್ಲಿ ಅವರ ಕೊಲೆಯಾಯಿತು. 1931ರಲ್ಲಿ ಆ ಒಂಬತ್ತು ಹುಡುಗರಿದ್ದ ಸರಕುಗಾಡಿ ಹೊರಟಿದ್ದುದೂ ಆ ಊರಿನ ಕಡೆಗೇ.

1970ರ ದಶಕದ ಆರಂಭದಲ್ಲಿ ನಾಟಕಕಾರ ಬ್ಯಾರಿ ಬೆಕ್‌ಹ್ಯಾಮರು ಗಾರ್ವಿಯನ್ನು ಕುರಿತು ಬರೆದ ‘ಗಾರ್ವಿ ಲಿವ್ಸ್!’ ಎಂಬ ನಾಟಕದಲ್ಲಿ, ಬದುಕೆಲ್ಲ ನಿದ್ದೆಯಲ್ಲಿದ್ದ ತನ್ನನ್ನು ಗಾರ್ವಿ ಎಬ್ಬಿಸಿದರೆಂದೂ ಇನ್ನು ತಾನು ‘ವೋಕ್’ ಆಗಿಯೇ ಇರುವೆನೆಂದೂ ಒಂದು ಪಾತ್ರ ಪಣತೊಡುತ್ತದೆ. ಆಮೇಲೆ ಬಹುಕಾಲ ಈ ಮಾತು ಹೊರಗಿನ ಲೋಕಕ್ಕೆ ಅಷ್ಟಾಗಿ ಕೇಳಿಸಲಿಲ್ಲ. ಸತ್ತಿತ್ತೆಂದಲ್ಲ, ಮನೆಮಾತಿನಲ್ಲಿ, ಸಂಗೀತಗಾರರ ಕೂಟಗಳಲ್ಲಿ ಬದುಕಿಕೊಂಡಿತ್ತು. ಜಾರ್ಜಿಯಾ ಆನ್ ಮಲ್ಡ್ರೋ ಎಂಬ ಗಾಯಕಿ ಬರೆದ ‘ಮಾಸ್ಟರ್ ಟೀಚರ್’ ಎಂಬ ಹಾಡನ್ನು 2008ರಲ್ಲಿ ಎರಿಕಾ ಬಾಡು ತಮ್ಮ ಮುದ್ರಿಕೆಯಲ್ಲಿ ಸೇರಿಸಿದಾಗ, ಅದರ ಪಲ್ಲವಿಯ ಮೂಲಕ ಈ ನುಡಿ ಹೊಸ ತಲೆಮಾರಿನ ಕಿವಿಗೆ ಬಿತ್ತು. 2012ರಲ್ಲಿ ರಷ್ಯದಲ್ಲಿ ಸೆರೆಯಾಗಿದ್ದ ಗಾಯಕಿಯರ ತಂಡವೊಂದನ್ನು ಬೆಂಬಲಿಸುತ್ತ ಬಾಡು ಟ್ವಿಟರಿನಲ್ಲಿ ಇದೇ ಎರಡು ಪದಗಳನ್ನು ಬರೆದರು.

2006ರಲ್ಲಿ ಆರಂಭವಾಗಿ 2023ರಲ್ಲಿ ‘ಎಕ್ಸ್’ ಎಂದು ಹೆಸರು ಬದಲಿಸಿಕೊಂಡ ಈ ಟ್ವಿಟರ್ ಜಾಲತಾಣದಲ್ಲಿ 2017ರವರೆಗೆ ಒಂದು ಬರಹ 140 ಅಕ್ಷರಗಳನ್ನು ಮೀರುವಂತಿರಲಿಲ್ಲ. ಅಂಥ ಕಡೆ ಎರಡೇ ಪದಗಳ ನುಡಿಗಟ್ಟಿಗೆ ಬೆಲೆ ಹೆಚ್ಚು. ಪದದ ಹಿಂದೆ ಹ್ಯಾಷ್ ಚಿಹ್ನೆಯೊಂದನ್ನು ಹಾಕಿದರೆ, ಅದೇ ಗುರುತಿನ ಲಕ್ಷಾಂತರ ಬರಹಗಳು ಒಂದೇ ದಾರದಲ್ಲಿ ಪೋಣಿಸಿದಂತೆ ಒಟ್ಟಿಗೆ ಸಿಗುತ್ತವೆ. 2012ರ ಫೆಬ್ರವರಿಯಲ್ಲಿ ಫ್ಲಾರಿಡಾದ ಸ್ಯಾನ್‌ಫರ್ಡಿನಲ್ಲಿ ಟ್ರೇವಾನ್ ಮಾರ್ಟಿನ್ ಎಂಬ ಹದಿನೇಳರ ಹುಡುಗ ಗುಂಡಿಗೆ ಬಲಿಯಾದ. ಹೊಡೆದವನು 2013ರ ಜುಲೈಯಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದ. ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಎಂಬ ಘೋಷವಾಕ್ಯ ಹುಟ್ಟಿದ್ದು ಆಗ. 2014ರ ಆಗಸ್ಟ್ 9ರಂದು ಮಿಸ್ಸೂರಿ ರಾಜ್ಯದ ಫರ್ಗುಸನ್ನಿನಲ್ಲಿ ಹದಿನೆಂಟರ ಮೈಕೆಲ್ ಬ್ರೌನ್ ಪೊಲೀಸನೊಬ್ಬನ ಗುಂಡಿಗೆ ಸತ್ತ. ಅವನ ಶವ ಸುಮಾರು ನಾಲ್ಕು ಗಂಟೆಗಳ ಕಾಲ ನಡುಬೀದಿಯಲ್ಲಿ ಬಿದ್ದಿತ್ತು. ಆ ಬೀದಿಗಳಲ್ಲಿ ಪ್ರತಿಭಟಿಸಿದ ತರುಣರು ಒಬ್ಬರಿಗೊಬ್ಬರು ಕಳುಹಿಸಿದ ಸಂದೇಶಗಳಲ್ಲಿ ‘ಸ್ಟೇ ವೋಕ್’ ಮತ್ತೆ ಮತ್ತೆ ಕಾಣಿಸಿಕೊಂಡಿತು. ಪೊಲೀಸರ ಬಗ್ಗೆ ಎಚ್ಚರವಿರಲಿ, ಹರಡುವ ಸುದ್ದಿಯ ಬಗ್ಗೆ ಎಚ್ಚರವಿರಲಿ, ದಣಿದು ಮಲಗಬೇಡಿ ಎಂಬುದು ಅದರ ಭಾವ. ಯಂತ್ರ ಹೊಸದು, ಮಾತು ಮಾತ್ರ ಲೆಡ್ ಬೆಲಿಯದೇ.

ಅಲ್ಲಿಂದ ಮುಂದೆ ಹರಡುವ ವೇಗ ಹೆಚ್ಚಿತು. 2016ರಲ್ಲಿ ಈ ಹೆಸರಿನ ಸಾಕ್ಷ್ಯಚಿತ್ರ ಬಂದಿತು. ಅದೇ ವರ್ಷ ಚೈಲ್ಡಿಶ್ ಗ್ಯಾಂಬಿನೋನ ಜನಪ್ರಿಯ ಹಾಡೊಂದರ ಪಲ್ಲವಿಯಲ್ಲಿ ಈ ನುಡಿ ಕೇಳಿಬಂತು. 2017ರ ಜೂನ್‌ನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ವೋಕ್’ ಪದದ ಈ ಅರ್ಥವನ್ನು ಸೇರಿಸಿಕೊಂಡಿತು. ಅದಕ್ಕೆ ಆಧಾರವಾಗಿ ಅದು ಕೊಟ್ಟ ಹಳೆಯ ಪ್ರಯೋಗ ಕೆಲಿಯವರ 1962ರ ಲೇಖನದ್ದು. ಕೆಲಿ ಅದೇ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ನಿಘಂಟು ಸೇರಿದ ಪದ ಒಳಗಿನವರ ಪದವಾಗಿ ಉಳಿಯಲಾರದು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಹೊರಗಿನವರ ಕೈಗೆ ಬಂದಾಗ ನುಡಿಗಟ್ಟಿನಲ್ಲಿ ಒಂದು ಸಣ್ಣ ಬದಲಾವಣೆಯಾಯಿತು. ‘ಸ್ಟೇ’ ಎಂಬ ಮೊದಲ ಪದ ಮೆಲ್ಲಗೆ ಬಿದ್ದುಹೋಯಿತು. ‘ವೋಕ್’ ಎಂಬುದೊಂದೇ ಉಳಿಯಿತು. ಎಡೆಬಿಡದ ಒಂದು ಸಾಧನೆಯಾಗಿದ್ದುದು ಸಂಪಾದಿಸಿ ಧರಿಸಿಕೊಳ್ಳಬಹುದಾದ ಬಿರುದಾಯಿತು. ಅಪಾಯದ ನೆರಳಿನಲ್ಲಿ ಎಂದೂ ನಡೆಯದವರು ಕೂಡ ತಾವು ‘ವೋಕ್’ ಎಂದು ಹೇಳಿಕೊಳ್ಳಬಹುದಾಯಿತು. ಅಂಗಿಗಳ ಮೇಲೆ ಅದು ಅಚ್ಚಾಯಿತು. ವ್ಯಾಪಾರಿ ಸಂಸ್ಥೆಗಳ ಜಾಹೀರಾತುಗಳಿಗೂ ಆ ಬಣ್ಣ ಹತ್ತಿತು. ಇತರರ ಮಾತಿನಲ್ಲಿ ತಪ್ಪು ಹುಡುಕಿ ಸಾರ್ವಜನಿಕವಾಗಿ ಖಂಡಿಸುವುದೇ ಎಚ್ಚರದ ಲಕ್ಷಣವೆಂಬ ಭ್ರಮೆಯೂ ಕೆಲವರಲ್ಲಿ ಬೆಳೆಯಿತು. 2019ರ ಅಕ್ಟೋಬರಿನಲ್ಲಿ ಚಿಕಾಗೋದ ಸಭೆಯೊಂದರಲ್ಲಿ ಮಾಜಿ ಅಧ್ಯಕ್ಷ ಬರಾಕ್ ಒಬಾಮಾ ಈ ಪದವನ್ನೇ ಎತ್ತಿಕೊಂಡು ತರುಣರಿಗೆ ಬುದ್ಧಿ ಹೇಳಿದರು: ತಾನು ಸದಾ ಪರಿಶುದ್ಧನೆಂಬ ಭಾವ ಬೇಡ, ಲೋಕ ತೊಡಕಿನದು, ಇತರರ ಮೇಲೆ ಕಲ್ಲೆಸೆದ ಮಾತ್ರಕ್ಕೆ ಬದಲಾವಣೆ ಬಾರದು ಎಂಬುದು ಅವರ ಮಾತಿನ ಸಾರಾಂಶ.

ಬಿರುದಾಗಿ ಧರಿಸಿದ್ದನ್ನು ಬೈಗುಳಾಗಿ ತಿರುಗಿಸುವುದು ಕಷ್ಟವಲ್ಲ. ‘ಇಸಂ’ ಎಂಬ ಪ್ರತ್ಯಯ ಸೇರಿ ‘ವೋಕಿಸಂ’ ಎಂಬ ನಾಮಪದವೂ ಹುಟ್ಟಿತು. ಜನಾಂಗಭೇದದ ಚರ್ಚೆಯಿಂದ ಹಿಡಿದು ಪಠ್ಯಪುಸ್ತಕ, ಚಲನಚಿತ್ರ, ಸ್ತ್ರೀಪುರುಷ ಸಮಾನತೆ, ವಾತಾವರಣ ರಕ್ಷಣೆಗಳವರೆಗೆ, ಯಾರಿಗೆ ಯಾವುದು ಹಿಡಿಸದೋ ಅದಕ್ಕೆಲ್ಲ ಈ ಹೆಸರು. ಫ್ರಾನ್ಸಿನ ಮಂತ್ರಿಗಳು ಅದನ್ನು ಖಂಡಿಸಿದರು. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಿಗೂ, ಜಾಲತಾಣಗಳ ಕನ್ನಡಕ್ಕೂ ಈ ಪದ ಬಂದಿಳಿದದ್ದು ಹೆಚ್ಚಾಗಿ ಈ ಬೈಗುಳಿನ ವೇಷದಲ್ಲಿಯೇ. ಅದರ ಬೆನ್ನಿಗಿದ್ದ ಸ್ಕಾಟ್ಸ್‌ಬರೊ ಹಡಗು ಹತ್ತಲಿಲ್ಲ. ಫ್ಲಾರಿಡಾ ರಾಜ್ಯದಲ್ಲಿ 2022ರ ಏಪ್ರಿಲ್‌ನಲ್ಲಿ ಒಂದು ಕಾನೂನೇ ಆಯಿತು. ಶಾಲೆಗಳಲ್ಲಿಯೂ ಕೆಲಸದ ಸ್ಥಳಗಳಲ್ಲಿಯೂ ಜನಾಂಗದ ವಿಷಯವನ್ನು ಹೇಗೆ ಬೋಧಿಸಬಾರದೆಂದು ಗೊತ್ತುಪಡಿಸಿದ ಆ ಕಾನೂನಿಗೆ, ಮೊದಲಕ್ಷರಗಳು ‘ವೋಕ್’ ಎಂದು ಕೂಡುವಂತೆ ಜೋಡಿಸಿದ ಹೆಸರಿಟ್ಟು, ‘ವೋಕ್’ ನಿಲ್ಲಿಸುವ ಕಾನೂನು ಎಂದು ಪ್ರಚಾರಮಾಡಿದರು. ಅದರ ಕೆಲವು ಭಾಗಗಳನ್ನು ನ್ಯಾಯಾಲಯಗಳು ಮುಂದೆ ತಡೆದವು.

ಅದೇ ವರ್ಷದ ಡಿಸೆಂಬರಿನಲ್ಲಿ, ಗವರ್ನರರು ಒಬ್ಬ ಸರಕಾರಿ ಅಭಿಯೋಜಕರನ್ನು ಅಮಾನತು ಮಾಡಿದ ಮೊಕದ್ದಮೆಯ ವಿಚಾರಣೆಯಲ್ಲಿ ಒಂದು ಕುತೂಹಲದ ಪ್ರಸಂಗ ನಡೆಯಿತು. ‘ವೋಕ್’ ಎಂದರೆ ಏನೆಂದು ಗವರ್ನರರ ಕಾನೂನು ಸಲಹೆಗಾರರನ್ನೇ ಕೇಳಲಾಯಿತು. ಅಮೆರಿಕದ ಸಮಾಜದಲ್ಲಿ ವ್ಯವಸ್ಥೆಯೊಳಗೇ ಬೇರೂರಿದ ಅನ್ಯಾಯಗಳಿವೆ, ಅವನ್ನು ಸರಿಪಡಿಸುವ ಅಗತ್ಯವಿದೆ ಎಂಬ ನಂಬಿಕೆ ಎಂದು ಅವರು ಉತ್ತರಿಸಿದರು. ತಮ್ಮ ಗವರ್ನರರು ಅದನ್ನು ನಂಬುವುದಿಲ್ಲವೆಂದೂ ಸೂಚಿಸಿದರು. ವೇದಿಕೆಯ ಮೇಲೆ ಅಷ್ಟು ಭಯಂಕರವಾಗಿ ತೋರಿದ ಪದ ಪ್ರಮಾಣವಚನದ ಮುಂದೆ ನಿಂತಾಗ ಎಷ್ಟು ಸಾದಾ ಆಯಿತೆಂಬುದನ್ನು ನೋಡಬೇಕು. ಸ್ಕಾಟ್ಸ್‌ಬರೊ ಹುಡುಗರ ವಿಷಯದಲ್ಲಿ ಅದು ನಂಬಿಕೆಯ ಪ್ರಶ್ನೆಯೇ ಆಗಿರಲಿಲ್ಲ; 1935ರಲ್ಲಿ, ಕಪ್ಪು ಜನರನ್ನು ತೀರ್ಪುಗಾರರ ಪಟ್ಟಿಯಿಂದಲೇ ಹೊರಗಿಟ್ಟದ್ದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ಬರೆದು ಕೊಟ್ಟ ಸಂಗತಿ ಅದು.

ನಮ್ಮ ವ್ಯಾಕರಣದಲ್ಲಿ ಉತ್ತಮ, ಮಧ್ಯಮ, ಪ್ರಥಮ ಎಂದು ಮೂರು ಪುರುಷಗಳನ್ನು ಹೇಳುತ್ತಾರಷ್ಟೆ. ಈ ಮಾತಿನ ಚರಿತ್ರೆಯನ್ನು ಆ ಕ್ರಮದಲ್ಲಿಯೇ ಹೇಳಿ ಮುಗಿಸಬಹುದು. ಲೆಡ್ ಬೆಲಿಯ ಬಾಯಲ್ಲಿ ಅದು ಮಧ್ಯಮ ಪುರುಷದಲ್ಲಿತ್ತು: ನೀನು ಎಚ್ಚರ ತಪ್ಪಬೇಡ. ಅಲ್ಲಿ ‘ನೀನು’ ಎಂಬುದರಲ್ಲಿ ಅಕ್ಕರೆಯಿತ್ತು, ಎದುರಿಗಿರುವವನ ಜೀವದ ಚಿಂತೆಯಿತ್ತು. ಬಿರುದಾದಾಗ ಅದು ಉತ್ತಮ ಪುರುಷಕ್ಕೆ ಬಂತು: ನಾನು ಎಚ್ಚೆತ್ತವನು. ಅಲ್ಲಿ ಚಿಂತೆ ಹೋಗಿ ಹೆಮ್ಮೆ ಬಂದಿತು. ಬೈಗುಳಾದಾಗ ಪ್ರಥಮ ಪುರುಷಕ್ಕೆ ಸರಿಯಿತು: ಅವರು ‘ವೋಕ್’ಗಳು. ಅಲ್ಲಿ ಎದುರಿಗೆ ಯಾರೂ ಇಲ್ಲ. ದೂರದಲ್ಲಿ ನಿಂತ ಒಂದು ಗುಂಪು ಮಾತ್ರ. ಹೀಗೆ ಪುರುಷ ಬದಲಾದಂತೆಲ್ಲ ಮಾತಿನೊಳಗಿದ್ದ ಮನುಷ್ಯ ಕಾಣದಾಗುತ್ತ ಹೋದ. ಪದದ ಅರ್ಥ ಕೆಟ್ಟಿತೆಂದು ನಾವು ಹಲುಬುವಾಗ, ನಿಜವಾಗಿ ಕೆಟ್ಟದ್ದು ಮಾತಾಡುವವನಿಗೂ ಕೇಳುವವನಿಗೂ ನಡುವೆ ಇದ್ದ ಸಂಬಂಧ.

ಪದಗಳು ಸವೆಯುವುದು ಲೋಕರೂಢಿ. ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ನಮ್ಮ ಭಾಷೆಯಲ್ಲಿಯೂ ಚಳವಳಿಗಳು ಹುಟ್ಟಿಸಿದ ಎಷ್ಟೋ ಪದಗಳು ಸಭೆಯ ಹೂಮಾಲೆಗಳಂತೆ ಬಾಡಿವೆ, ಕೆಲವು ಕುಹಕಕ್ಕೂ ಒದಗಿವೆ. ಆದರೆ ಪದ ಸವೆದ ಮಾತ್ರಕ್ಕೆ, ಅದು ತೋರಿಸುತ್ತಿದ್ದ ಅಪಾಯವೂ ಸವೆಯಿತೆಂದು ತಿಳಿಯುವುದು ಬೇರೆ ಸಂಗತಿ. ಒಂದು ಪದವನ್ನು ನಕ್ಕು ತಳ್ಳುವ ಮೊದಲು, ಅದು ಯಾರ ಜೀವ ಕಾಯಲು ಹುಟ್ಟಿತೆಂದು ಕೇಳುವುದು ಸಾಹಿತ್ಯದ ಓದುಗರಾದ ನಮ್ಮ ಕನಿಷ್ಠ ಸೌಜನ್ಯ.

ಆ ಒಂಬತ್ತು ಮಂದಿಯಲ್ಲಿ ಕ್ಲಾರೆನ್ಸ್ ನಾರಿಸ್ ಎಂಬವರು 1946ರಲ್ಲಿ ಷರತ್ತಿನ ಬಿಡುಗಡೆಯ ಮೇಲೆ ಹೊರಬಂದು, ಷರತ್ತನ್ನು ಮೀರಿ ಅಲಬಾಮವನ್ನು ಬಿಟ್ಟುಹೋದರು. ಉತ್ತರದ ರಾಜ್ಯಗಳಲ್ಲಿ ಬೇರೊಂದು ಹೆಸರು ಇಟ್ಟುಕೊಂಡು, ಕೂಲಿ ಮಾಡಿ, ಸಂಸಾರ ನಡೆಸಿ, ಬಾಗಿಲು ತಟ್ಟುವವರು ಯಾರೋ ಎಂಬ ಅಂಜಿಕೆಯಲ್ಲಿ ಮೂವತ್ತು ವರ್ಷ ಬಾಳಿದರು. 1976ರಲ್ಲಿ ಅಲಬಾಮದ ಗವರ್ನರ್ ಜಾರ್ಜ್ ವ್ಯಾಲೇಸ್ ಅವರಿಗೆ ಕ್ಷಮಾದಾನ ನೀಡಿದರು. 1989ರಲ್ಲಿ ನಾರಿಸ್ ತೀರಿಕೊಂಡರು. ಕ್ಷಮಾದಾನ ದೊರೆಯದೆ ಉಳಿದಿದ್ದ ಕೊನೆಯ ಮೂವರಿಗೆ ಆ ರಾಜ್ಯ ಅದನ್ನು ಕೊಟ್ಟದ್ದು 2013ರ ನವೆಂಬರಿನಲ್ಲಿ. ಪಡೆಯಲು ಅವರಲ್ಲಿ ಯಾರೂ ಬದುಕಿರಲಿಲ್ಲ.